ತಂಬೂರಿ ನಡುಗಿದ ಕಥೆ

ಮುಂಬಯಿಗೆ ಬರುವಾಗ ನಮ್ಮವರು ಊರಿನಿಂದ ಏನೇನೋ ಹೊತ್ತು ತರುತ್ತಾರೆ. ಕೆಲವರು ಬೀಸುಕಲ್ಲು, ಕೆಲವರು ಹಿತ್ತಾಳೆಯ ಹಂಡೆ. ಧಾರವಾಡ ಬಿಟ್ಟು ಮಾಟುಂಗಕ್ಕೆ ಬಂದ ನಮ್ಮ ಅಪ್ಪ ತಂದದ್ದು ತಮ್ಮ ಕಿವಿ ಒಂದೇ. ಆ ಕಿವಿಗಾಗಿ ಎರಡು ಕೋಣೆಯ ಬಿಡಾರದಲ್ಲಿ ಕಪಾಟಿಗಿಂತ ಮೊದಲು ಒಂದು ಹಳೆಯ ರೆಕಾರ್ಡ್ ಪ್ಲೇಯರ್ ಬಂತು. ಭಾನುವಾರ ಬೆಳಿಗ್ಗೆ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಪಾತ್ರೆಯ ಸದ್ದೂ ಆಗಬಾರದು!

1979ರ ಬೇಸಿಗೆಯಲ್ಲಿ ನಾವೆಲ್ಲ ಒಂದೂವರೆ ತಿಂಗಳು ಊರಿಗೆ ಹೋಗಿದ್ದೆವು. ಮರಳಿ ಬಂದ ಮೊದಲ ಭಾನುವಾರ ಅಪ್ಪ ಹಾಡು ಹಚ್ಚಿದವರು ಹುಬ್ಬು ಗಂಟಿಕ್ಕಿದರು.

“ತಂಬೂರಿ ನಡಗ್ಲಿಕ್ಕತ್ತದಲ್ಲೋ.”

ನಾನಾಗ ಹೊಸದಾಗಿ ನೌಕರಿ ಹಿಡಿದ ಹುಮ್ಮಸ್ಸಿನ ಹುಡುಗ. “ತಂಬೂರಿ ಅಲ್ಲಪ್ಪಾ, ನಿಮಗ ವಯಸ್ಸಾತು, ಕಿವಿ ನಡಗ್ತಿರಬೇಕು” ಎಂದು ನಕ್ಕೆ. ಅಪ್ಪ ಮತ್ತೆ ಮಾತಾಡಲಿಲ್ಲ. ಭಾನುವಾರದ ಹಾಡು ಮೆಲ್ಲಗೆ ತಿಂಗಳಿಗೊಮ್ಮೆಯಾಯಿತು, ಆಮೇಲೆ ನಿಂತೇಹೋಯಿತು. 1984ರಲ್ಲಿ ಅಪ್ಪ ತೀರಿಕೊಂಡರು.

ಮರುವರ್ಷ ಆ ಯಂತ್ರವನ್ನು ಲ್ಯಾಮಿಂಗ್ಟನ್ ರಸ್ತೆಯ ರಿಪೇರಿಯವನೊಬ್ಬನ ಬಳಿಗೆ ಒಯ್ದೆ. ಆತ ತಿರುಗುವ ತಟ್ಟೆಯನ್ನು ಎತ್ತಿ ತೆಗೆದು, ಒಳಗಿನ ಪುಟ್ಟ ರಬ್ಬರ್ ಚಕ್ರದ ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಆಡಿಸಿದ. ಒಂದು ಕಡೆ ಸಣ್ಣ ತಗ್ಗು. “ಇದನ್ನು ಚಾಲೂ ಸ್ಥಿತಿಯಲ್ಲೇ ಬಿಟ್ಟು ಬಹಳ ದಿನ ಎಲ್ಲಿಗೋ ಹೋಗಿದ್ದಿರೇನು?” ಎಂದು ಕೇಳಿದ.

ಮನೆಗೆ ಕೊನೆಯಲ್ಲಿ ಬೀಗ ಹಾಕಿದವನು ನಾನು. ಗೋಡೆಯ ಸ್ವಿಚ್ ಆರಿಸಿದ್ದೆ. ಯಂತ್ರದ ಹಿಡಿ ತಿರುಗಿಸಿರಲಿಲ್ಲ.

ಆ ಜಾತಿಯ ಯಂತ್ರದಲ್ಲಿ ಮೋಟಾರಿನ ಕಡ್ಡಿಗೂ ತಟ್ಟೆಯ ಒಳ ಅಂಚಿಗೂ ನಡುವೆ ನಿಂತು ಚಲನೆ ಒಯ್ಯುವುದು ಈ ರಬ್ಬರ್ ಚಕ್ರ. ಅದಕ್ಕೆ ಐಡ್ಲರ್ ಎನ್ನುತ್ತಾರೆ. 1954ರ ಪ್ರಸಿದ್ಧ ಗ್ಯಾರಾರ್ಡ್ 301 ಇದೇ ವಂಶದ್ದು. ಎಳೆತ ಬಲವಾದದ್ದು, ತಟ್ಟೆ ಕೂಡಲೇ ವೇಗ ಹಿಡಿಯುತ್ತದೆ. ಆದರೆ ಹಿಡಿಯನ್ನು ಹಿಂದಕ್ಕೆ ತಿರುಗಿಸದಿದ್ದರೆ ಚಕ್ರ ಕಡ್ಡಿಗೆ ಒತ್ತಿಕೊಂಡೇ ಇದ್ದು ತಗ್ಗು ಬೀಳುತ್ತದೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ಸುತ್ತುತ್ತದೆ, ಎಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಅಷ್ಟರಲ್ಲಿ ನಮ್ಮ ಪುಟ್ಟ ಚಕ್ರ ಏಳು ಸುತ್ತು ಮುಗಿಸಿ, ಏಳು ಸಲ ಎಡವುತ್ತಿತ್ತು. ಗಾಯಕರ ದನಿಯಲ್ಲಿ ಗಮಕಗಳ ನಡುವೆ ಈ ಎಡವು ಮುಚ್ಚಿಹೋಗುತ್ತದೆ. ಅಲುಗದೆ ನಿಲ್ಲುವುದೇ ತಂಬೂರಿಯ ಕೆಲಸ, ಅದರಲ್ಲಿ ಮುಚ್ಚಿಡಲಾಗದು. ಅಪ್ಪನ ಕಿವಿ ಸರಿಯಾಗಿಯೇ ಇತ್ತು.

ಚಕ್ರ ಬದಲಾಯಿತು. ಆದರೆ ನನಗೆ ಅಂದಿನಿಂದ ಈ ಯಂತ್ರಗಳ ಹುಚ್ಚು ಹಿಡಿಯಿತು. ಮುಂದೆ ನಾನು ಕೊಂಡದ್ದು ಬೆಲ್ಟಿನದು. 1961ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ತಮ್ಮ ಎಆರ್ ಯಂತ್ರದಲ್ಲಿ ಮೋಟಾರನ್ನು ದೂರವಿಟ್ಟು ರಬ್ಬರ್ ಪಟ್ಟಿಯಿಂದ ತಟ್ಟೆ ತಿರುಗಿಸಿದ್ದರು. ಮೋಟಾರಿನ ಗುರುಗುಟ್ಟುವಿಕೆಯನ್ನು ಪಟ್ಟಿ ನುಂಗಿಕೊಳ್ಳುತ್ತದೆ. ಆದರೆ ವೇಗ ಹಿಡಿಯಲು ತುಸು ಹೊತ್ತು ಬೇಕು; ಪಟ್ಟಿ ಹಳತಾಗಿ ಸಡಿಲವಾದರೆ ಜಾರುತ್ತದೆ, ಶ್ರುತಿ ಇಳಿಯುತ್ತದೆ. ಪುಣೆಯಲ್ಲಿರುವ ಮಗ ಈಚೆಗೆ ಕೊಂಡದ್ದು ಮೂರನೆಯ ಬಗೆ. ಇದರಲ್ಲಿ ಚಕ್ರವೂ ಇಲ್ಲ, ಪಟ್ಟಿಯೂ ಇಲ್ಲ, ಮೋಟಾರಿನ ಅಚ್ಚೇ ತಟ್ಟೆಯ ಅಚ್ಚು. ಜಪಾನಿನ ಟೆಕ್ನಿಕ್ಸ್ 1970ರಲ್ಲಿ ಎಸ್‌ಪಿ-10, 1972ರಲ್ಲಿ ಎಸ್‌ಎಲ್-1200 ತಂದು ಇದಕ್ಕೆ ಹೆಸರು ಮಾಡಿತು. 2010ರಲ್ಲಿ ನಿಲ್ಲಿಸಿದ್ದ ಎಸ್‌ಎಲ್-1200ನ್ನು 2016ರಲ್ಲಿ ಮತ್ತೆ ತಯಾರಿಸತೊಡಗಿತು.

ಯಾವುದು ಶ್ರೇಷ್ಠ ಎಂದು ನಾನೂ ಮಗನೂ ವಾದಿಸುತ್ತಿರುತ್ತೇವೆ. ಆಗೆಲ್ಲ ಆ ರಿಪೇರಿಯವನ ಮಾತು ನೆನಪಾಗುತ್ತದೆ: “ಎಳೆಯುವವರು ಯಾರಾದರೂ ಇರಲಿ, ಅಚ್ಚು ನೋಡಿ ಸಾಹೇಬರೇ.” ಸಾಮಾನ್ಯವಾಗಿ ಕಂಚಿನ ಕೊಳವೆಯೊಳಗೆ ಉಕ್ಕಿನ ಅಚ್ಚು ತಿರುಗುತ್ತದೆ, ತಳದಲ್ಲಿ ಒಂದು ಉಕ್ಕಿನ ಗುಂಡು ಇಡೀ ತಟ್ಟೆಯ ಭಾರ ಹೊರುತ್ತದೆ. ಕೆಲವು ಯಂತ್ರಗಳಲ್ಲಿ ಇದು ತಲೆಕೆಳಗು. ಗುಂಡು ಮೇಲಿರುತ್ತದೆ, ತಟ್ಟೆ ಅದರ ಮೇಲೆ ಕುಂಬಾರನ ತಿಗರಿಯಂತೆ ಕೂತಿರುತ್ತದೆ. ಭಾರಕ್ಕೆ ಹತ್ತಿರದಲ್ಲೇ ಆಧಾರವಿರುವುದರಿಂದ ತಟ್ಟೆ ಓಲಾಡುವುದು ಕಡಿಮೆ. ಆದರೆ ಎಣ್ಣೆ ಕೆಳಗಿಳಿದುಬಿಡುವುದರಿಂದ ಅದನ್ನು ಮೇಲೆ ನಿಲ್ಲಿಸುವ ಉಪಾಯ ಬೇಕು. ಹೇಗೇ ಇರಲಿ, ಅಚ್ಚು ಸವೆದರೆ, ಎಣ್ಣೆ ಆರಿದರೆ, ಆ ಸದ್ದು ನೇರವಾಗಿ ಮುಳ್ಳಿಗೇ ಏರುತ್ತದೆ. ಊರಿನಲ್ಲಿ ಗಾಡಿ ಹೂಡುವ ಮೊದಲು ಕೀಲೆಣ್ಣೆ ಹಾಕುತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಳೆದ ದೀಪಾವಳಿಗೆ ಮಗನ ಮನೆಯಲ್ಲಿ ಅದೇ ಮನ್ಸೂರರ ಎಲ್‌ಪಿ ಹಾಕಿದ. “ಶ್ರುತಿ ತೂಗಾಡ್ಲಿಕ್ಕತ್ತದಲ್ಲೋ” ಎಂದೆ. ಅವನು ನನ್ನ ಮುಖ ನೋಡಿದ. ಅವನ ಬಾಯಿಗೆ ಬಂದ ಮಾತು ಏನೆಂದು ನನಗೆ ಗೊತ್ತು! ಗಡಿಯಾರ ಹಿಡಿದು ಎಣಿಸಿದೆ. ಸುತ್ತಿಗೊಂದೇ ತೂಗಾಟ. ಯಂತ್ರದ ತಪ್ಪಲ್ಲ, ರೆಕಾರ್ಡಿನ ತೂತು ಬಳಸಿ ಬಳಸಿ ಅಗಲವಾಗಿ ತಟ್ಟೆಯ ನಡುವೆ ಕೂತಿರಲಿಲ್ಲ. ತುಸು ಸರಿಸಿ ಕೂರಿಸಿದ ಮೇಲೆ ತಂಬೂರಿ ನಿಂತಿತು. ಮಗ ನಕ್ಕು, “ನಿಮ್ಮ ಕಿವಿ ಭಾರೀ ಅದ, ಅಪ್ಪಾ” ಎಂದ.

ಈ ಮಾತನ್ನು ನಾನು 1979ರಲ್ಲಿ ಹೇಳಬಹುದಿತ್ತು. ಅಪ್ಪನ ಯಂತ್ರ ಇಂದಿಗೂ ನನ್ನ ಬಳಿ ಇದೆ. ಹಾಡು ಮುಗಿದ ಮೇಲೆ ಹಿಡಿಯನ್ನು ಹಿಂದಕ್ಕೆ ತಿರುಗಿಸುತ್ತೇನೆ. ಮಲಗುವ ಮುನ್ನ ಮತ್ತೊಮ್ಮೆ ಎದ್ದುಹೋಗಿ ಮುಟ್ಟಿ ನೋಡುತ್ತೇನೆ.