ಫಿರಂಗಿ ಗುಡ್ಡಕ್ಕೆ ಬೋಟ್ ಸವಾರಿ!

ಮುಂಬೈಗೆ ಹೋದ ನಮ್ಮ ಹುಡುಗರು ಮೊದಲು ಮಾಡೋ ಕೆಲಸ ಗೊತ್ತಲ್ಲ? ಸ್ಟಾರ್‌ಗಳ ಬಂಗಲೆ ಗೇಟಿನ ಮುಂದೆ ಕಾಯೋದು! ಅಲ್ಲಿ ದರ್ಶನ ಸಿಕ್ಕರೆ ಅದೃಷ್ಟ. ನಾನು ಹೋಗಿ ಬಂದ ಕಡೆ ದರ್ಶನ ಗ್ಯಾರಂಟಿ, ಸೋಮವಾರದ ರಜೆ ಒಂದು ಬಿಟ್ಟು. ಅದೇ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ.

ಗೇಟ್‌ವೇ ಆಫ್ ಇಂಡಿಯಾದಿಂದ ಬೋಟಿನಲ್ಲಿ ಸುಮಾರು ಒಂದು ಗಂಟೆ. ನನ್ನ ಪಕ್ಕ ಕೂತಿದ್ದ ಹುಬ್ಬಳ್ಳಿ ಹುಡುಗ ಲೈಫ್ ಜಾಕೆಟ್ ಬಿಚ್ಚಿ ತೊಡೆ ಮೇಲಿಟ್ಟುಕೊಂಡ. “ಫೋಟೋ ಕೆಡತೈತ್ರೀ” ಅಂದ. 2024ರ ಡಿಸೆಂಬರ್ 18ರ ಕಥೆ ಹೇಳಿದೆ. ಇದೇ ದ್ವೀಪಕ್ಕೆ ಹೊರಟಿದ್ದ ಬೋಟಿಗೆ ನೌಕಾಪಡೆಯ ವೇಗದ ದೋಣಿ ಬಡಿದು, ಹತ್ತಕ್ಕೂ ಹೆಚ್ಚು ಜನ ಸತ್ತರು. ಹುಡುಗ ಮಾತಾಡದೆ ಜಾಕೆಟ್ ಕಟ್ಟಿಕೊಂಡ.

ದಡದಿಂದ ಸುಮಾರು 120 ಮೆಟ್ಟಿಲು ಹತ್ತಿದರೆ ಬಂಡೆಯಲ್ಲಿ ಕೊರೆದ ಗುಹೆ. ಒಳಗೆ 20 ಅಡಿ ಆಸುಪಾಸಿನ ಮೂರು ಮುಖದ ಶಿವ. ಯಾವ ಕ್ಲೋಸಪ್ಪೂ ಇದರ ಮುಂದೆ ನಿಲ್ಲೋಲ್ಲ ಬಿಡಿ! ಅಲ್ಲಿಂದ ಮೇಲಕ್ಕೆ ಫಿರಂಗಿ ಗುಡ್ಡದ ದಾರಿ. ಬೆಟ್ಟ ಹತ್ತಿ ಅಭ್ಯಾಸವಿಲ್ಲದವರೂ ಆರಾಮಾಗಿ ಹತ್ತಬಹುದು. ಕೈಯಲ್ಲಿ ತಿಂಡಿ ಬೇಡ, ಕೋತಿಗಳಿವೆ. ತುದಿಯಲ್ಲಿ ಬ್ರಿಟಿಷರ ಕಾಲದ ಭಾರಿ ಫಿರಂಗಿ, ಸುತ್ತ ಸಮುದ್ರ, ದೂರದಲ್ಲಿ ಹಡಗು.

ಎದುರಿಗೇ ಮುಂಬೈ ಝಗಮಗ ಅಂತಿದ್ರೂ ಈ ದ್ವೀಪಕ್ಕೆ ಕರೆಂಟು ಲೈನು ಬಂದದ್ದು 2018ರಲ್ಲಿ, ಸಮುದ್ರದಡಿಯ ಕೇಬಲ್‌ನಲ್ಲಿ. ಅಲ್ಲೀತನಕ ಊರಿನವರಿಗೆ ಸಂಜೆ ಕೆಲವು ಗಂಟೆ ಜನರೇಟರ್ ದೀಪವೇ ಗತಿ.

ಹೋಗ್ತೀರಾ? ಬೆಳಗ್ಗೆಯೇ ಹೊರಡಿ. ದಡದಲ್ಲಿ ಇಳಿದ ತಕ್ಷಣ ಕೊನೇ ಬೋಟಿನ ಟೈಮು ಕೇಳಿಟ್ಟುಕೊಳ್ಳಿ. ಗುಡ್ಡ ಸುಲಭ, ಸಮುದ್ರದ ಹತ್ತಿರ ಮಾತ್ರ ಹೀರೋಗಿರಿ ಬೇಡ!