ಗದ್ದೆಯ ಹಳದಿ ಹೂವಿನ ನೆಂಟಸ್ತಿಕೆ

ಮಳೆಗಾಲ ಮುಗಿಯುವ ಹೊತ್ತಿಗೆ ಗದ್ದೆಯ ಬದುವಿನಲ್ಲಿ ನಾಲ್ಕು ಎಸಳಿನ ಹಳದಿ ಹೂ ಬಿಡುವ ಕಳೆಯನ್ನು ನೀವೂ ಕಂಡಿರಬಹುದು. ನಮ್ಮ ನೆರೆಮನೆಯಾಕೆ ಅದರ ಬೀಜ ಕೂಡಿಡುತ್ತಿದ್ದರು. ಮುಟ್ಟಿಗೆ ಮುಂಚೆ ಬರುವ ಸ್ತನನೋವಿಗೆಂದು ಕೊಂಡ ‘ಈವ್ನಿಂಗ್ ಪ್ರಿಮ್‌ರೋಸ್’ ಎಣ್ಣೆಯ ಕ್ಯಾಪ್ಸೂಲ್ ದುಬಾರಿ. "ಡಬ್ಬಿಯ ಮೇಲಿನ ಹೂವೂ ಹೀಗೇ ಇದೆಯಲ್ಲ ಟೀಚರ್?" ಎಂದರು.

ಅವರ ಕಣ್ಣು ಚುರುಕೇ. ಎರಡೂ ಓನಾಗ್ರೇಸಿ ಎಂಬ ಒಂದೇ ಸಸ್ಯಕುಟುಂಬದವು. ಎರಡರಲ್ಲೂ ಹೂವಿನ ತೊಟ್ಟಿನಂತೆ ಕಾಣುವ ಭಾಗವೇ ಮುಂದೆ ಕಾಯಿಯಾಗುತ್ತದೆ. ಆದರೆ ಕುಲ ಬೇರೆ. ಗದ್ದೆಯದು ಲುಡ್ವಿಜಿಯಾ. ಕ್ಯಾಪ್ಸೂಲಿನದು ಉತ್ತರ ಅಮೆರಿಕ ಮೂಲದ ಈನೋಥೆರಾ ಬೈಯೆನಿಸ್. 1753ರಲ್ಲಿ ಲಿನ್ನೇಯಸ್ ಇಟ್ಟ ಹೆಸರು. (ನಿಜವಾದ ಪ್ರಿಮ್‌ರೋಸ್‌ನ ಕುಟುಂಬವಂತೂ ಬೇರೆಯೇ!)

ಹೂವನ್ನು ಕೈಗೆತ್ತಿಕೊಂಡು ನೋಡಿ. ಈನೋಥೆರಾಕ್ಕೆ ಎಸಳುಗಳ ಕೆಳಗೆ ಉದ್ದನೆಯ ಕೊಳವೆಯಿದೆ. ಹೂವಿನ ನಡುವಿನ ಕಡ್ಡಿಯ ತುದಿ ಗಣಿತದ ಕೂಡಿಸುವ ಗುರುತಿನಂತೆ ನಾಲ್ಕಾಗಿ ಸೀಳಿರುತ್ತದೆ. ಅರಳುವುದು ಸಂಜೆ. ಲುಡ್ವಿಜಿಯಾಕ್ಕೆ ಕೊಳವೆಯಿಲ್ಲ, ಕಡ್ಡಿಯ ತುದಿ ಗುಂಡಗಿರುತ್ತದೆ. ಎಸಳು ಉದುರಿದ ಮೇಲೂ ಹಸಿರು ಪುಷ್ಪಪತ್ರಗಳು ಕಾಯಿಯ ತಲೆಯ ಮೇಲೆ ಉಳಿದಿರುತ್ತವೆ. ಕುಟುಂಬ ಒಂದಾದ ಮಾತ್ರಕ್ಕೆ ಅದರ ಬೀಜ ಅರೆದು ಕುಡಿಯಲಾಗದು.

ಅಸಲಿ ಎಣ್ಣೆಯ ಕಥೆಯೂ ಅಷ್ಟಕ್ಕಷ್ಟೇ. ಸ್ತನನೋವಿಗೂ ಇಸುಬಿಗೂ ಇದನ್ನು ಔಷಧಿಯಾಗಿ ಮಾರಲು ಕೊಟ್ಟಿದ್ದ ಪರವಾನಗಿಯನ್ನು ಬ್ರಿಟನ್ 2002ರಲ್ಲಿ ಹಿಂತೆಗೆದುಕೊಂಡಿತು. ಗುಣವಾಗುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬೇಡಿ. ನೋವಿನ ಜತೆಗೆ ಗಂಟೇನಾದರೂ ಕೈಗೆ ಸಿಕ್ಕಿದರೆ ಎಣ್ಣೆ, ಬೀಜ ಎನ್ನುತ್ತಾ ದಿನ ದೂಡದೆ, ಸಂಕೋಚ ಬಿಟ್ಟು, ಆ ವಾರವೇ ವೈದ್ಯರಿಗೆ ತೋರಿಸಿ.