ಕುಂದೂರಿನ ಏರುದಾರಿ

ಮೂರು ಹಾಸನ ಜಿಲ್ಲೆ ಸೇರಿಸಿದರೆ ಒಂದು ಸ್ಲೊವೇನಿಯಾ. ಆ ದೇಶದ ವಿಸ್ತೀರ್ಣ ಸುಮಾರು 20,270 ಚದರ ಕಿಲೋಮೀಟರ್, ನಮ್ಮ ಜಿಲ್ಲೆಯದು 6,800ರಷ್ಟು. 1991ರಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾದ ಈ ಪುಟ್ಟ ದೇಶದ ಹೆಸರು ನಮ್ಮಲ್ಲಿ ಬಹಳ ಜನರ ಕಿವಿಗೆ ಬಿದ್ದಿಲ್ಲ. ಸೈಕಲ್ಲಿನ ಹುಚ್ಚು ಹತ್ತಿದವರಿಗೆ ಮಾತ್ರ ಚೆನ್ನಾಗಿ ಗೊತ್ತು. ಟೂರ್ ಡಿ ಫ್ರಾನ್ಸ್ ಅನ್ನು 2020, 2021, 2024, 2025ರಲ್ಲಿ ಗೆದ್ದ ತಾಡೆಯ್ ಪೊಗಾಚಾರ್ ಆ ನೆಲದವರು. ಅರ್ಧಕ್ಕಿಂತ ಹೆಚ್ಚು ಕಾಡು, ಕಾಡಿನಲ್ಲಿ ಕರಡಿ, ಹಳ್ಳಿಹಳ್ಳಿಯಲ್ಲಿ ಜೇನು ಸಾಕುವವರು. ಪ್ಯಾರಿಸ್, ರೋಮ್ ನೋಡಿ ಮುಗಿಸಿದ ಯುರೋಪಿನವರು ರಜೆ ಸಿಕ್ಕರೆ ಸೈಕಲ್ ಏರಿ ಇಂಥ ಕಡೆ ಹೊರಡುತ್ತಾರೆ. ಹೆಸರಾದ ಜಾಗಗಳನ್ನು ಬದಿಗಿಟ್ಟು, ಊರಿಂದೂರಿಗೆ ನಿಧಾನವಾಗಿ ಹೋಗುವ ಈ ರೂಢಿ ನನಗೆ ತುಂಬ ಇಷ್ಟ. ಅದಕ್ಕೆ ವೀಸಾ ಬೇಕೇ ಬೇಕೆಂದೇನೂ ಇಲ್ಲ. ನಮ್ಮ ಜಿಲ್ಲೆಯಲ್ಲೇ ಆಲೂರು ತಾಲ್ಲೂಕಿನ ಕುಂದೂರು ಹೋಬಳಿ ಇದೆ.

ಸಕಲೇಶಪುರಕ್ಕೆ ಎಲ್ಲರೂ ಹೋಗುತ್ತಾರೆ. ಶನಿವಾರ ಬೆಳಗಾದರೆ ಬೆಂಗಳೂರಿನ ಕಾರುಗಳು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬಾಳ್ಳುಪೇಟೆ ದಾಟಿ ಸಾಲಾಗಿ ಓಡುತ್ತವೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಯ ಮುಂದೆ ಗಾಡಿ ನಿಲ್ಲಿಸಲು ಜಾಗವಿರುವುದಿಲ್ಲ. ಎಂಟು ಮೂಲೆಯ ನಕ್ಷತ್ರದಂತಿರುವ ಆ ಕೋಟೆಯ ವಿನ್ಯಾಸ ಫ್ರೆಂಚರ ಕೋಟೆ ಕಟ್ಟುವ ಪದ್ಧತಿಯದು. ಯುರೋಪೇ ಈ ಗುಡ್ಡಕ್ಕೆ ಬಂದು ಇನ್ನೂರು ವರ್ಷ ಕಳೆದಿದೆ. ಆಲೂರಿನ ಕಡೆಗೆ ಮಾತ್ರ ಯಾರೂ ತಿರುಗುವುದಿಲ್ಲ. ಅಲ್ಲಿ ನೋಡುವಂಥದ್ದೇನಿದೆ ಎಂದು ಕೇಳುತ್ತಾರೆ. ಸೈಕಲ್ಲಿನಲ್ಲಿ ಹೋದವರಿಗೆ ಕಾಣುವುದು ಇದೆ.

ಹಾಸನದಲ್ಲಿ ವರ್ಷದ ಮಳೆ ಸಾವಿರ ಮಿಲಿಮೀಟರ್ ಮುಟ್ಟುವುದೇ ಕಷ್ಟ. ಸಕಲೇಶಪುರದಲ್ಲಿ ಎರಡು ಸಾವಿರ ದಾಟುತ್ತದೆ. ಈ ಎರಡರ ನಡುವೆ ಇರುವುದು ಬರೀ ನಲವತ್ತು ಕಿಲೋಮೀಟರ್. ಕಾರಿನಲ್ಲಿ ಅದು ಮುಕ್ಕಾಲು ಗಂಟೆ, ಮಾತಾಡುತ್ತ ಕೂತರೆ ಏನೂ ತಿಳಿಯುವುದಿಲ್ಲ. ಸೈಕಲ್ಲಿನಲ್ಲಿ ಮಲೆನಾಡು ಶುರುವಾಗುವುದನ್ನು ಮೊಣಕಾಲೇ ಹೇಳುತ್ತದೆ. ಮೊದಲು ಆಲೂಗಡ್ಡೆ, ಜೋಳದ ಹೊಲ. ಆಮೇಲೆ ರಸ್ತೆ ಸಣ್ಣಗೆ ಏಳುತ್ತದೆ, ಇಳಿಯುತ್ತದೆ, ಮತ್ತೆ ಏಳುತ್ತದೆ. ತಗ್ಗಿನಲ್ಲೆಲ್ಲ ಗದ್ದೆ, ದಿಬ್ಬದಲ್ಲೆಲ್ಲ ಮರ. ತಾರಸಿ ಮನೆಗಳು ಕಡಿಮೆಯಾಗಿ ಹೆಂಚಿನ ಇಳಿಮಾಡುಗಳು ಹೆಚ್ಚುತ್ತವೆ. ಮಣ್ಣು ಕೆಂಪಾಗುತ್ತದೆ. ಎಲ್ಲೋ ಒಂದು ತಿರುವಿನಲ್ಲಿ ಬೆವರಿದ ಬೆನ್ನಿಗೆ ತಣ್ಣನೆ ಗಾಳಿ ತಾಕಿದಾಗ ತಲೆ ಎತ್ತಿದರೆ, ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಇಂಥ ಕಡೆಯೇ ಮಲೆನಾಡು ಶುರುವಾಯಿತು ಎಂದು ಗೆರೆ ಎಳೆದು ತೋರಿಸಲು ಯಾರಿಂದಲೂ ಆಗದು. ಆದರೆ ಆ ಗೆರೆಯನ್ನು ದಾಟಿದ್ದು ಮೈಗೆ ಗೊತ್ತಾಗಿರುತ್ತದೆ. ನನ್ನ ಮಟ್ಟಿಗೆ ಒಂದು ಸೀಮೆಯನ್ನು ನೋಡುವುದೆಂದರೆ ಇದೇ.

ಏರಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗುವವನನ್ನು ಯಾರೂ ಪ್ರವಾಸಿ ಎಂದುಕೊಳ್ಳುವುದಿಲ್ಲ. “ಬಸ್ಸು ತಪ್ಪೋಯ್ತಾ ಅಣ್ಣ?” ಎಂದು ಗದ್ದೆಯಿಂದ ಕೇಳುತ್ತಾರೆ. ಹಾಸನದಿಂದ ಬಂದೆ ಎಂದರೆ, “ಅಯ್ಯೋ, ಕೂತ್ಕೊಳಿ, ಕಾಫಿ ಕುಡ್ಕೊಂಡು ಹೋಗಿ” ಎಂದು ಜಗುಲಿ ತೋರಿಸುತ್ತಾರೆ. ಬೆಲ್ಲದ ಕಾಫಿ ಮುಗಿಯುವಷ್ಟರಲ್ಲಿ ಶುಂಠಿಯ ಬೆಲೆ, ಮಗಳ ಮದುವೆ, ಈ ಸಲದ ಹೂಮಳೆ ಎಲ್ಲ ಮಾತಿಗೆ ಬರುತ್ತವೆ. ಕೊನೆಗೆ ಬರುವುದು ಆನೆ.

ಆನೆಯ ಮಾತು ಬಿಟ್ಟು ಈ ಸೀಮೆಯನ್ನು ಕುರಿತು ಬರೆದರೆ ಅದು ಸುಳ್ಳಾಗುತ್ತದೆ. ಆಲೂರು, ಸಕಲೇಶಪುರದ ತೋಟಗಳಲ್ಲಿ ಕಾಡಾನೆಗಳು ವರ್ಷವಿಡೀ ಇರುತ್ತವೆ. ಹಗಲು ಕಾಫಿ ಗಿಡಗಳ ನಡುವೆ ನಿಂತು, ಸಂಜೆಯಾದ ಮೇಲೆ ಗದ್ದೆಗೆ ಇಳಿಯುತ್ತವೆ. 2014ರಲ್ಲಿ ಇಲ್ಲಿಂದ ಇಪ್ಪತ್ತೆರಡು ಆನೆಗಳನ್ನು ಹಿಡಿದು ಸಾಗಿಸಿದರು; ಆಮೇಲೆ ಬೇರೆ ಆನೆಗಳು ಬಂದವು. ಎಂಟು ಸಲ ಮೈಸೂರು ದಸರಾದ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲೇ ಸತ್ತ. ತೋಟಕ್ಕೆ ಕೆಲಸಕ್ಕೆ ಹೋದವರು ಮನೆಗೆ ಮರಳದ ದಿನಗಳು ಇಲ್ಲಿನ ಎಷ್ಟೋ ಮನೆಗಳಲ್ಲಿವೆ. ಬೆಳೆದ ಭತ್ತ ಕೈಗೆ ಸಿಗದೆ ಗದ್ದೆ ಪಾಳು ಬಿಟ್ಟವರೂ ಇದ್ದಾರೆ. ಇಷ್ಟಾದರೂ ಆನೆಗಳಿಗೆ ಹೆಸರಿಟ್ಟು ಮಾತಾಡುತ್ತಾರೆ: ಭೀಮ ಬಂದಿದ್ದ, ಬೀಟಮ್ಮನ ಗುಂಪು ಆಚೆ ದಾಟಿತು. ಆ ಮಾತಿನಲ್ಲಿ ಭಯ, ಸಿಟ್ಟು, ಬಳಕೆ ಮೂರೂ ಇವೆ. ಕೇಳುತ್ತ ಕೂತವನಿಗೆ ಯಾವುದು ಹೆಚ್ಚು ಎಂದು ಹೇಳುವುದು ಕಷ್ಟ.

ಸೈಕಲ್ಲಿನವರಿಗೆ ಇದು ನೇರವಾಗಿ ತಾಗುವ ವಿಷಯ. ಸೈಕಲ್ ಸದ್ದು ಮಾಡುವುದಿಲ್ಲ. ತಿರುವಿನಾಚೆ ನಿಂತ ಆನೆಗೆ ನಾವು ಬಂದದ್ದು ತಿಳಿಯುವುದಿಲ್ಲ, ನಮಗೂ ಅದು ನಿಂತದ್ದು ತಿಳಿಯುವುದಿಲ್ಲ. ಬೇರೆ ಕಡೆ ಸೈಕಲ್ಲಿಗೆ ನಸುಕೇ ಒಳ್ಳೆಯ ಹೊತ್ತು. ಇಲ್ಲಿ ಬಿಸಿಲು ನೆಲಕ್ಕೆ ಬೀಳುವವರೆಗೆ ಹೊರಡಬಾರದು, ಸಂಜೆ ಐದರೊಳಗೆ ಮನೆ ಸೇರಿರಬೇಕು. ಅರಣ್ಯ ಇಲಾಖೆಯ ಎಚ್ಚರಿಕೆ ಮೊಬೈಲಿಗೆ ಬರುತ್ತದೆ. ಅದಕ್ಕಿಂತ ಮೊದಲು ಅಂಗಡಿ ಕಟ್ಟೆಗೆ ಸುದ್ದಿ ಬಂದಿರುತ್ತದೆ.

ಇದೇ ರಸ್ತೆಗಳಲ್ಲಿ ಒಂದು ಕಾಲಕ್ಕೆ ನೀಲಿ ಸಮವಸ್ತ್ರದ ಮಕ್ಕಳು ಸೈಕಲ್ ತಳ್ಳುತ್ತ ಶಾಲೆಗೆ ಹೋಗುತ್ತಿದ್ದರು. 2006–07ರಲ್ಲಿ ಶುರುವಾದ, ಎಂಟನೇ ತರಗತಿಯವರಿಗೆ ಸರ್ಕಾರ ಉಚಿತ ಸೈಕಲ್ ಕೊಡುವ ಯೋಜನೆ ಕೋವಿಡ್ ಹೊತ್ತಿಗೆ ನಿಂತುಹೋಯಿತು. ಏರುದಾರಿಗೆ ಗೇರಿಲ್ಲದ ಸೈಕಲ್ ಸುಲಭವಲ್ಲ, ನಿಜ. ಆದರೂ ಇಳಿಜಾರಿನಲ್ಲಿ ಇಬ್ಬಿಬ್ಬರು ಹುಡುಗಿಯರು ಕೂಗುತ್ತ ಇಳಿದು ಬರುವುದನ್ನು ಕಂಡವರಿಗೆ ಆ ಯೋಜನೆ ಏನು ಕೊಟ್ಟಿತ್ತು ಎಂದು ವಿವರಿಸಬೇಕಾಗಿಲ್ಲ. ಆ ಸೈಕಲ್ಲುಗಳು ಈಗ ಕೊಟ್ಟಿಗೆಯ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿವೆ. ಯೋಜನೆ ಮತ್ತೆ ಬರಬೇಕು, ಈ ಸಲ ಗುಡ್ಡದ ಊರುಗಳಿಗೆ ಗೇರಿನ ಸೈಕಲ್ ಬರಬೇಕು ಎಂಬುದು ನನ್ನ ಗಟ್ಟಿಯಾದ ಆಸೆ.

ಈ ಕಡೆ ಬರುವವರು ನವೆಂಬರಿನಿಂದ ಮಾರ್ಚಿನೊಳಗೆ ಬನ್ನಿ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕುಯ್ಲು. ಆಳುಗಳನ್ನು ತುಂಬಿಕೊಂಡ ಪಿಕಪ್‌ಗಳು ತಿರುವಿನಲ್ಲಿ ಜೋರಾಗಿ ಬರುತ್ತವೆ, ಬೆಲ್ ಮಾಡುತ್ತ ಎಡಕ್ಕೇ ಇರಿ. ಎರಡು ಟ್ಯೂಬ್, ಒಂದು ಪಂಪು ಜೊತೆಗಿರಲಿ, ರಿಪೇರಿ ಅಂಗಡಿ ಎಲ್ಲ ಊರಿನಲ್ಲಿಲ್ಲ. ತೋಟದ ಗೇಟು ತೆರೆದಿದ್ದರೂ ಕೇಳದೆ ಒಳಗೆ ಹೋಗಬೇಡಿ. ಪ್ರತಿ ಊರಿನ ಅಂಗಡಿಯಲ್ಲೂ ಇಳಿದು, ಮುಂದಿನ ದಾರಿಯಲ್ಲಿ ಆನೆ ಇದೆಯೇ ಎಂದು ವಿಚಾರಿಸಿ. “ಇದೆ” ಎಂದರೆ ಸೈಕಲ್ ಒರಗಿಸಿ ಕೂತುಬಿಡಿ. ಕಾಫಿ ಅಲ್ಲಿಯೂ ಸಿಗುತ್ತದೆ.